ಸೋತ ಕುದುರೆಯನ್ನು ಓದಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಬೇಸಿಗೆ ರೇಸ್ ಸೀಸನ್ ಹತ್ತಿರ ಬಂದಿದೆ. ಬೆಳಗಿನ ಜಾವ ಆನಂದರಾವ್ ಸರ್ಕಲ್ ಕಡೆ ವಾಕಿಂಗ್ ಹೋಗುವವರಿಗೆ ಇದು ಗೊತ್ತಿರುತ್ತೆ. ಟ್ರಾಫಿಕ್ ಶುರುವಾಗುವ ಮೊದಲು ರೇಸ್ ಕೋರ್ಸಿನ ಗೋಡೆಯಾಚೆಯಿಂದ ಗೊರಸಿನ ಸದ್ದು ಕೇಳುತ್ತದೆ. ಒದ್ದೆ ಹುಲ್ಲಿನ ಮೇಲೆ ಓಡುವ ಕುದುರೆಯ ಸದ್ದು ಬೇರೆ, ಒಣ ನೆಲದ ಮೇಲಿನ ಸದ್ದು ಬೇರೆ. ಕಣ್ಣು ಮುಚ್ಚಿಕೊಂಡೂ ಹೇಳಬಹುದು.

ನಾನು ಮೂವತ್ತು ವರ್ಷ ಒಂದು ಸಂಜೆ ಪತ್ರಿಕೆಗೆ ರೇಸ್ ಅಂಕಣ ಬರೆದವನು. ಮೊದಲ ಆಯ್ಕೆ, ಎರಡನೇ ಆಯ್ಕೆ, ದಿನದ ಬೆಸ್ಟ್, ಹೀಗೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಮೆಲ್ಲಗೆ ಕೇಳುತ್ತಿದ್ದರು, "ಸಾರ್, ನಾಳೆ ಯಾವ್ದು?" ಆ ಪ್ರಶ್ನೆಗೆ ಇವತ್ತು ನಾನು ಉತ್ತರ ಕೊಡುವುದಿಲ್ಲ. ಓಡುವ ಕುದುರೆಗಳ ಭಾರ, ಹಿಂದಿನ ಓಟಗಳ ವಿವರ ಎಲ್ಲ ಅಚ್ಚಾಗಿರುವ ರೇಸ್ ಬುಕ್ ಕೈಗೆ ಬಂದಾಗ ಅದನ್ನು ಓದುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ. ನನಗೆ ಅದನ್ನು ಕಲಿಸಿದ್ದು ನಮ್ಮ ಬೀದಿಯಲ್ಲಿದ್ದ ಒಬ್ಬ ಸೈಸ್ ತಾತ. ಕುದುರೆಯ ಮೈ ತಿಕ್ಕಿ, ಮೇವು ಹಾಕಿ, ಲಾಯದ ಬಾಗಿಲಲ್ಲೇ ಮಲಗುತ್ತಿದ್ದವರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ರೇಸ್ ಬುಕ್ ನಾನು ಓದಬೇಕು, ಅವರು ಕೇಳಬೇಕು. ಗೆದ್ದ ಕುದುರೆಯ ಹೆಸರು ಓದಿದರೆ ತಲೆ ಆಡಿಸಿ ಸುಮ್ಮನಾಗುತ್ತಿದ್ದರು. "ಸೋತಿದ್ದು ಹೇಳು ಮಗಾ. ಎಷ್ಟು ಭಾರ ಹೊತ್ತು ಸೋತಿತು, ಅದನ್ನ ಹೇಳು."

ಇಡೀ ವಿದ್ಯೆ ಆ ಮಾತಿನಲ್ಲಿದೆ.

ರೇಸಿನಲ್ಲಿ ಪ್ರತಿ ಕುದುರೆಗೂ ಒಂದು ರೇಟಿಂಗ್ ಇರುತ್ತದೆ. ಗೆದ್ದರೆ ಏರುತ್ತದೆ, ಸೋಲುತ್ತಾ ಹೋದರೆ ಇಳಿಯುತ್ತದೆ. ಕುದುರೆ ಓಟದಲ್ಲಿ ಜಾಕಿಯೂ ಸೇರಿ ಬೆನ್ನ ಮೇಲೆ ಎಷ್ಟು ಭಾರ ಹೊರಬೇಕು ಅನ್ನುವುದು ಈ ರೇಟಿಂಗ್ ಮೇಲೆ. ನಮ್ಮಲ್ಲಿ ಒಂದು ಪಾಯಿಂಟ್ ಅಂದರೆ ಅರ್ಧ ಕೆಜಿ. ಜೋರಾಗಿ ಓಡುವ ಕುದುರೆಗೆ ಜಾಸ್ತಿ ಭಾರ, ನಿಧಾನದ ಕುದುರೆಗೆ ಕಮ್ಮಿ. ಹೀಗೆ ಭಾರ ಹಂಚುವುದಕ್ಕೆ ಹ್ಯಾಂಡಿಕ್ಯಾಪ್ ಅಂತಾರೆ, ಹಂಚುವವರು ಹ್ಯಾಂಡಿಕ್ಯಾಪರ್. ಎಲ್ಲವೂ ಒಟ್ಟಿಗೆ ಗೆರೆ ಮುಟ್ಟಬೇಕು ಅನ್ನುವುದು ಅವರ ಲೆಕ್ಕ. ಈ ಕೆಲಸಕ್ಕೆ ಒಂದು ಶಿಸ್ತು ತಂದವರು ಇಂಗ್ಲೆಂಡಿನ ಅಡ್ಮಿರಲ್ ರೌಸ್. ನೌಕಾಪಡೆಯಲ್ಲಿದ್ದವರು, 1855ರಲ್ಲಿ ಅಲ್ಲಿನ ಹ್ಯಾಂಡಿಕ್ಯಾಪರ್ ಆದರು. ಯಾವ ವಯಸ್ಸಿನ ಕುದುರೆ, ಯಾವ ತಿಂಗಳಲ್ಲಿ, ಎಷ್ಟು ದೂರಕ್ಕೆ ಎಷ್ಟು ಭಾರ ಹೊರಬೇಕು ಅಂತ ಅವರು ಮಾಡಿದ ಪಟ್ಟಿಯ ನೆರಳು ಇವತ್ತಿನ ಪಟ್ಟಿಗಳಲ್ಲೂ ಇದೆ.

ಒಂದು ಲೆಕ್ಕ ಮಾಡೋಣ. ಒಂದು ಕಂದು ಕುದುರೆ, ಒಂದು ಬೂದು ಕುದುರೆ ಅಂತ ಇಟ್ಟುಕೊಳ್ಳಿ. ಹೋದ ಸಲ 1600 ಮೀಟರ್ ಓಟದಲ್ಲಿ ಕಂದು 56 ಕೆಜಿ ಹೊತ್ತಿತ್ತು, ಬೂದು 51. ಕಂದು ಮೂರು ಲೆಂತ್‌ನಲ್ಲಿ ಗೆದ್ದಿತು. ಲೆಂತ್ ಅಂದರೆ ಕುದುರೆಯ ಮೂಗಿನಿಂದ ಬಾಲದವರೆಗಿನ ಉದ್ದ. ಗೆದ್ದದ್ದಕ್ಕೆ ಅದರ ರೇಟಿಂಗ್ ಎಂಟು ಪಾಯಿಂಟ್ ಏರಿತು, ಅಂದರೆ ನಾಲ್ಕು ಕೆಜಿ. ಈ ಸಲ ಅದು 60 ಹೊರಬೇಕು, ಬೂದು ಅದೇ 51. ಇಂಥ ಮೈಲಿ ಓಟದಲ್ಲಿ ಒಂದು ಕೆಜಿ ಅಂದರೆ ಸುಮಾರು ಒಂದು ಲೆಂತ್ ಅನ್ನುವುದು ಹಳಬರ ಲೆಕ್ಕ. ಮೂರು ಲೆಂತ್ ಹಿಂದಿದ್ದ ಬೂದು ಕುದುರೆ ಈಗ ಕಾಗದದ ಮೇಲೆ ಒಂದು ಲೆಂತ್ ಮುಂದಿದೆ. ಆದರೆ ಜನ ನೋಡುವುದು ಏನು? ಹೋದ ಸಲ ಗೆದ್ದದ್ದು ಕಂದು, ಅಷ್ಟೇ. ಹೆಚ್ಚು ಜನ ದುಡ್ಡು ಕಟ್ಟುವ ಫೇವರಿಟ್ ಆಗುವುದೂ ಅದೇ.

ಹಾಗಂತ ಬೂದು ಕುದುರೆಯೇ ಗೆಲ್ಲುತ್ತದೆ ಅಂತಲ್ಲ. ಕಂದು ಇನ್ನೂ ಬೆಳೆಯುವ ಕುದುರೆ ಆಗಿದ್ದರೆ ಆ ನಾಲ್ಕು ಕೆಜಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎಳೆ ಕುದುರೆ ಎರಡು ತಿಂಗಳಲ್ಲಿ ಬೇರೆಯೇ ಪ್ರಾಣಿ ಆಗಿರುತ್ತದೆ. ನಮ್ಮ ದೇಶದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ಒಂದು ವಯಸ್ಸು ಕೂಡುತ್ತದೆ, ಹುಟ್ಟಿದ ದಿನ ಯಾವುದೇ ಇರಲಿ. ಹಾಗಾಗಿ ಪುಸ್ತಕದಲ್ಲಿ ಒಂದೇ ವಯಸ್ಸಿನ ಎರಡು ಕುದುರೆಗಳಲ್ಲಿ ಒಂದು ಕೆಲವು ತಿಂಗಳು ಚಿಕ್ಕದಿರಬಹುದು. ಇದನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಬೇಕು.

ಡರ್ಬಿಯಂಥ ದೊಡ್ಡ ಓಟದಲ್ಲಿ ಈ ಹ್ಯಾಂಡಿಕ್ಯಾಪ್ ಇಲ್ಲ. ಹೆಣ್ಣು ಕುದುರೆಗೆ ಸ್ವಲ್ಪ ರಿಯಾಯಿತಿ ಬಿಟ್ಟರೆ ಎಲ್ಲಕ್ಕೂ ಸಮ ಭಾರ. ಅಲ್ಲಿ ಒಳ್ಳೆಯ ಕುದುರೆಯೇ ಗೆಲ್ಲಬೇಕು. ಮುಂಬೈಯ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಡರ್ಬಿ ಶುರುವಾಗಿದ್ದು 1943ರಲ್ಲಿ. ಮೊದಲ ಡರ್ಬಿ ಗೆದ್ದದ್ದು ಒಂದು ಹೆಣ್ಣು ಕುದುರೆ, ಪ್ರಿನ್ಸೆಸ್ ಬ್ಯೂಟಿಫುಲ್. ತಾತನಿಗೆ ಇದನ್ನು ಹೇಳುವಾಗ ಎಷ್ಟು ಹೆಮ್ಮೆ! ಅವರು ಸಾಕಿದ ಮಗಳೇ ಗೆದ್ದ ಹಾಗೆ.

ಹಳೆಯ ಕುದುರೆಗಳ ಮಾತು ಬಂದರೆ ನಮ್ಮ ಊರಿನ ರಶೀದ್ ಬೈರಾಮ್‌ಜಿ ಅವರ ಹೆಸರು ಹೇಳದೆ ಇರಲು ಆಗುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿ 12 ಇಂಡಿಯನ್ ಡರ್ಬಿ ಗೆದ್ದ ಟ್ರೇನರ್. ಅವರ ಕೈಯಲ್ಲಿ ಪಳಗಿದ್ದು ಸ್ಕ್ವಾಂಡರರ್. 19 ಓಟ, 18 ಗೆಲುವು. ಎಪ್ಪತ್ತರ ದಶಕದಲ್ಲಿ ಟ್ರಿಪಲ್ ಕ್ರೌನ್, ಅಂದರೆ ಮೂರು ದೊಡ್ಡ ಓಟಗಳನ್ನೂ ಗೆದ್ದ ಆ ಕುದುರೆಯ ಹೆಸರಿನ ಅರ್ಥ ದುಂದುಗಾರ. ಆದರೆ ಅದು ಒಂದು ಹೆಜ್ಜೆಯನ್ನೂ ದುಂದು ಮಾಡುತ್ತಿರಲಿಲ್ಲ ಅಂತ ಹಳಬರು ಹೇಳುತ್ತಿದ್ದರು. ಬೀದಿಯಲ್ಲಿ ಎಲ್ಲರೂ ಆ 18ರ ಮಾತಾಡುವಾಗ ತಾತ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಸೋತಿತಲ್ಲ ಆ ಒಂದು ದಿನ, ಅವತ್ತು ಅದರ ಕಾಲು ಹೆಂಗಿತ್ತು, ಹೊಟ್ಟೆ ಹೆಂಗಿತ್ತು, ಯಾರಾದ್ರೂ ಕೇಳಿದ್ರಾ?"

ಕುದುರೆ ನಮ್ಮ ಸೀಮೆಗೆ ಹೊಸದಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ದಂಡಿಗೆ ಕುದುರೆ ಒದಗಿಸಿದ ಜಾಗ. ಆಮೇಲೆ ಅದೇ ಹುಲ್ಲುಗಾವಲಲ್ಲಿ ರೇಸ್ ಕುದುರೆಗಳು ಬೆಳೆದವು. ತಾಯಿಯ ಪಕ್ಕದಲ್ಲಿ ಉದ್ದುದ್ದ ಕಾಲಿನ ಮರಿ ಎಡವುತ್ತಾ ನಿಲ್ಲುವುದನ್ನು ಒಮ್ಮೆ ನೋಡಿದರೆ ಸಾಕು, ಮರೆಯಲು ಆಗುವುದಿಲ್ಲ.

ಈಗ ಮಳೆಯ ವಿಷಯ. ನಮ್ಮ ಬೇಸಿಗೆ ಸೀಸನ್ ಅಂದರೆ ಅರ್ಧ ಮಳೆಗಾಲವೇ, ಅಲ್ವಾ? ರೇಸಿನ ದಿನ ಪೆನೆಟ್ರೋಮೀಟರ್ ಅಂತ ಒಂದು ಸಾಧನದಿಂದ ನೆಲ ಅಳೆಯುತ್ತಾರೆ. ಒಂದು ಸರಳು, ಅದರ ಮೇಲೆ ಬೀಳುವ ತೂಕ. ಸರಳು ನೆಲದೊಳಗೆ ಎಷ್ಟು ಇಳಿಯಿತು ಅನ್ನುವುದೇ ಲೆಕ್ಕ. ಅಂಕಿ ಜಾಸ್ತಿ ಆದಷ್ಟೂ ನೆಲ ಮೆತ್ತಗೆ. ಮೆತ್ತಗಿನ ನೆಲದಲ್ಲಿ ಭಾರ ಹೊತ್ತ ಕುದುರೆಗೆ ಕೊನೆಯ 200 ಮೀಟರ್ ಬೆಟ್ಟ ಹತ್ತಿದ ಹಾಗೆ. ಹಿಂದಿನ ಓಟ ಯಾವ ನೆಲದಲ್ಲಿ ಆಯಿತು ಅಂತ ನೋಡದೆ ಸೋಲು ಗೆಲುವು ಓದಬೇಡಿ. ಸೀಸನ್ನಿನ ಮೊದಲ ಎರಡು ವಾರ ಇನ್ನೊಂದು ಮಾತು. ರಜೆ ಮುಗಿಸಿ ಬಂದ ಕುದುರೆಗಳಿಗೆ ಉಸಿರು ಇನ್ನೂ ಕೂಡಿರುವುದಿಲ್ಲ. ಹಳೆಯ ಹೆಸರಿಗಿಂತ ಬೆಳಗಿನ ಗ್ಯಾಲಪ್ಪಿನಲ್ಲಿ, ಅಂದರೆ ಅಭ್ಯಾಸದ ಓಟದಲ್ಲಿ, ಸಲೀಸಾಗಿ ಓಡಿದ್ದಕ್ಕೆ ಬೆಲೆ ಕೊಡಿ. ಜಾಕಿ, ಓಟ ಶುರುವಾಗುವ ಗೇಟಿನ ಸ್ಟಾಲ್ ನಂಬರ್ ಇವನ್ನೆಲ್ಲ ನೋಡಿ, ಆದರೆ ಕೊನೆಗೆ ನೋಡಿ.

ಮೊದಲು ನೋಡಬೇಕಾದ್ದು ಪ್ಯಾಡಕ್. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ನಡೆಸುವ ಜಾಗ. ಅಲ್ಲಿ ತಾತ ನನ್ನ ಹೆಗಲ ಮೇಲೆ ಕೈ ಇಟ್ಟು ಕಾಲು ತೋರಿಸುತ್ತಿದ್ದರು. ಮುಂಗಾಲು ಎತ್ತಿದ ಜಾಗವನ್ನು ಹಿಂಗಾಲು ದಾಟಿ ಬೀಳಬೇಕು. ಮಣ್ಣಿನ ಮೇಲೆ ಆ ಗುರುತು ಚೆನ್ನಾಗಿ ಕಾಣುತ್ತದೆ. ನಾಲ್ಕು ಬೆರಳು ದಾಟಿದರೆ ಕುದುರೆ ಹಗುರಾಗಿದೆ. ಹಿಂದೆಯೇ ಬಿದ್ದರೆ ಎಲ್ಲೋ ನೋವಿದೆ, ಇಲ್ಲ ಮನಸ್ಸಿಲ್ಲ. ಹಿಂಗಾಲುಗಳ ನಡುವೆ ಸೋಪಿನ ನೊರೆಯಂಥ ಬೆವರು ಕಂಡರೆ ಆ ಕುದುರೆ ಓಟವನ್ನು ಅಲ್ಲೇ ಓಡಿ ಮುಗಿಸುತ್ತಿದೆ. ಕಿವಿ ಮುಂದಕ್ಕೆ ನಿಂತು, ಸೈಸ್ ಕೈಯಲ್ಲಿ ಲಗಾಮು ಸಡಿಲವಾಗಿದ್ದರೆ ಅದರ ನಂಬರ್ ಬರೆದಿಟ್ಟುಕೊಳ್ಳಿ. ಇದು ಯಾವ ಪುಸ್ತಕದಲ್ಲೂ ಅಚ್ಚಾಗುವುದಿಲ್ಲ.

ಒಂದು ವಿಷಯ ಹೇಳದೆ ಮಾತು ಮುಗಿಸಲಾರೆ. ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾನೂ ಅದನ್ನು ನಂಬುತ್ತೇನೆ. ಆದರೆ ಒಂದು ಶನಿವಾರ ನನ್ನ ಅಂಕಣದಲ್ಲಿ ಒಂದು ಕುದುರೆಯ ಮುಂದೆ "ಗ್ಯಾರಂಟಿ" ಅಂತ ಬರೆದೆ. ಭಾರ, ನೆಲ, ಎಲ್ಲ ಲೆಕ್ಕ ಸರಿಯಾಗಿತ್ತು. ಅದು ಐದನೆಯದಾಗಿ ಬಂತು. ನಮ್ಮ ವಠಾರದ ಒಬ್ಬರು ಗೌರಿ ಹಬ್ಬಕ್ಕೆ ತೆಗೆದಿಟ್ಟ ದುಡ್ಡನ್ನು ಅದರ ಮೇಲೆ ಹಾಕಿದ್ದರು. ಅವರು ನನ್ನನ್ನು ಬೈಯಲಿಲ್ಲ. ಅವರ ಹೆಂಡತಿ ಆ ವರ್ಷ ನಮ್ಮ ಮನೆಗೆ ಬಾಗಿನ ಕೊಡಲು ಬರಲಿಲ್ಲ. ಆ ಪದವನ್ನು ನಾನು ಮತ್ತೆ ಬರೆಯಲಿಲ್ಲ. ಮನೆಯ ಖರ್ಚಿನ ದುಡ್ಡು ರೇಸ್ ಗೇಟಿನೊಳಗೆ ಬರಬಾರದು. ಕುದುರೆ ನೋಡಲು ದುಡ್ಡು ಕಟ್ಟಲೇಬೇಕು ಅಂತೇನಿಲ್ಲ. ತಾತ ಜೀವಮಾನದಲ್ಲಿ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ.

ರೇಸ್ ಕೋರ್ಸ್ ಊರಾಚೆ ಹೋಗಬೇಕು ಅನ್ನುವ ಮಾತು ಎಷ್ಟೋ ವರ್ಷದಿಂದ ನಡೆಯುತ್ತಿದೆ. ಅದು ಎಲ್ಲಿಗೇ ಹೋಗಲಿ, ಈ ಸೀಸನ್ನಿನ ಮೊದಲ ದಿನ ನಾನು ಅಲ್ಲಿರುತ್ತೇನೆ. ಮೊದಲ ಓಟಕ್ಕೆ ಅರ್ಧ ಗಂಟೆ ಮುಂಚೆ ಪ್ಯಾಡಕ್ ಕಂಬಿ ಹಿಡಿದು ನಿಂತಿರುತ್ತೇನೆ. ಹೋದ ಸೀಸನ್ನಿನಲ್ಲಿ ಒಂದು ಬೂದು ಹೆಣ್ಣು ಕುದುರೆ ಕೆಸರಲ್ಲಿ ಸತತ ಮೂರು ಸಲ ಸೋತಿತ್ತು. ಮೂರೂ ಸಲ ಕೊನೆಯಲ್ಲಿ ದಾಪುಗಾಲು ಹಾಕಿ ಬಂದಿತ್ತು. ಅದರ ರೇಟಿಂಗ್ ಈಗ ಎಷ್ಟಕ್ಕೆ ಇಳಿದಿದೆ ಅಂತ ಬರೆದಿಟ್ಟುಕೊಂಡಿದ್ದೇನೆ. ಒಣ ನೆಲ ಸಿಕ್ಕ ದಿನ ಅದರ ಹಿಂಗಾಲು ಎಲ್ಲಿ ಬೀಳುತ್ತದೆ ಅಂತ ನೋಡಬೇಕು.

ನಮಸ್ಕಾರ.