ಸರ್ವರ್ ಡೌನ್ ಅಂತಾರಲ್ಲ, ಒಳಗೆ ಏನಾಗಿರುತ್ತೆ?

(ತುಮಕೂರಿನ ಕಾಲೇಜೊಂದರಲ್ಲಿ ಬಿಸಿಎ, ಬಿಎಸ್ಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ರಿಗೂ ನಮಸ್ಕಾರ. ಹಿಂದಿನವ್ರಿಗೆ ಕೇಳಿಸ್ತಿದ್ಯಾ? ಸರಿ. ಪ್ರಿನ್ಸಿಪಾಲ್ ಮೇಡಂ ನಂಗೆ ಕೊಟ್ಟಿರೋ ಟಾಪಿಕ್ಕು ವೆಬ್ ಸರ್ವರ್, ಅಂದ್ರೆ ಕೇಳಿದವ್ರಿಗೆ ವೆಬ್ ಪೇಜ್ ಕಳ್ಸೋ ವ್ಯವಸ್ಥೆ, ಕೆಲಸ ಮಾಡೋ ರೀತಿ ಅಂತ, ಆದ್ರೆ ಆಗ್ಲೇ ಟೀ ಕುಡೀತಾ ನಿಮ್ಮ ಜೊತೆ ಮಾತಾಡ್ದಾಗ ಗೊತ್ತಾಯ್ತು, ನಿಮಗೆ ಬೇಕಿರೋದು ಅದಲ್ಲ, ಅಸೈನ್‌ಮೆಂಟ್ ಅಪ್‌ಲೋಡ್ ಮಾಡೋ ಕೊನೇ ದಿನಾನೇ ಸರಿಯಾಗಿ ಆ ಪೋರ್ಟಲ್ ಯಾಕೆ ಮಲಗಿಬಿಡುತ್ತೆ ಅನ್ನೋದು. ಯಾವ ಯೂನಿವರ್ಸಿಟಿ ಅಂತ ನಾನು ಹೆಸ್ರು ಎತ್ತಲ್ಲ, ನಾನು ಸರ್ವರ್ ನೋಡ್ಕೊಳ್ಳೋ ಕೆಲಸದಲ್ಲೇ ಇರೋದ್ರಿಂದ ಹೇಳ್ತೀನಿ, ಎಲ್ಲಾ ಕಡೆ ಹೆಚ್ಚು ಕಮ್ಮಿ ಇದೇ ಕಥೆ.

ನಿಮ್ಮಲ್ಲೇ ಒಬ್ಳು ಹೇಳಿದ್ದು ಕೇಳಿ. ಮಧುಗಿರಿ ಕಡೆಯವಳು. ಬಿ.ಎಚ್. ರೋಡಲ್ಲಿ ಝೆರಾಕ್ಸ್ ಅಂಗಡೀಲಿ ರೆಕಾರ್ಡ್ ಬುಕ್ ಪೂರ್ತಿ ಸ್ಕ್ಯಾನ್ ಮಾಡ್ಸಿ, ರಿಜಿಸ್ಟರ್ ನಂಬರು ಸಬ್ಜೆಕ್ಟ್ ಕೋಡು ಎಲ್ಲಾ ತುಂಬಿ ಸಬ್ಮಿಟ್ ಒತ್ತಿದ್ರೆ, ಎಲ್ಲಾ ಕಾಲಂ ಕಡ್ಡಾಯವಾಗಿ ಭರ್ತಿ ಮಾಡಿ ಅಂತ ಕೆಂಪಕ್ಷರದಲ್ಲಿ ಬರ್ತಿತ್ತಂತೆ. ತುಂಬಿದೀನಲ್ಲಪ್ಪ ಅಂತ ಮತ್ತೆ ತುಂಬ್ತಾಳೆ, ಮತ್ತೆ ಅದೇ. ಅಂಗಡಿಯವ್ರು ಕತ್ತು ಉದ್ದ ಮಾಡಿ ನೋಡಿ, ಸರ್ವರ್ ಡೌನ್ ಐತೆ ಕಣಮ್ಮ ನಾಳೆ ಬಾ ಅಂದ್ರಂತೆ. ಲಾಸ್ಟ್ ಡೇಟು ಅವತ್ತೇ. ಊರಿಗೆ ಬಸ್ಸಿನ ಟೈಮೂ ಆಗಿತ್ತು.

ಫೈಲ್ ಎಷ್ಟಿತ್ತಮ್ಮ ಅಂದೆ, 11 ಎಂಬಿ ಅಂದ್ಲು. ಅಲ್ಲಿಗೆ ನಂಗೆ ಅರ್ಧ ಅರ್ಥ ಆಯ್ತು. ಸರ್ವರ್ ಡೌನ್ ಆಗಿರ್ಲಿಕ್ಕಿಲ್ಲ ಬಿಡಿ. ಇಂಥಾ ಪೋರ್ಟಲ್ ಬರೆಯೋಕೆ ಬಳಸೋ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೇನ ಇನ್‌ಸ್ಟಾಲ್ ಮಾಡಿ ಸೆಟಿಂಗ್ ಮುಟ್ದೆ ಬಿಟ್ರೆ ಒಂದು ಫೈಲು 2 ಎಂಬಿ ದಾಟೋ ಹಂಗಿಲ್ಲ, ಇಡೀ ಫಾರ್ಮು ಫೈಲು ಸೇರಿ 8 ಎಂಬಿ ದಾಟೋ ಹಂಗಿಲ್ಲ. 8 ದಾಟಿದ್ರೆ ಅದು ಫೈಲ್ ಒಂದನ್ನೇ ಅಲ್ಲ, ನೀವು ತುಂಬಿದ ಹೆಸ್ರು ನಂಬರು ಸಮೇತ ಎಲ್ಲಾ ಬಿಸಾಕಿ ಖಾಲಿ ಫಾರ್ಮನ್ನ ಪ್ರೋಗ್ರಾಮ್ ಕೈಗೆ ಕೊಡುತ್ತೆ. ಪ್ರೋಗ್ರಾಮ್ ಪಾಪ ಖಾಲಿ ಇದೆ ನೋಡಿ ತುಂಬಿ ಅನ್ನುತ್ತೆ. ಫೈಲು ದೊಡ್ಡದಾಯ್ತು ಅಂತ ಒಂದು ಸಾಲು ತೋರ್ಸೋಕೆ ಹತ್ತು ನಿಮಿಷದ ಕೆಲಸ ಕಣ್ರಪ್ಪ, ಅದನ್ನ ಮಾಡಿಲ್ಲ ಅಷ್ಟೇ.

ಇನ್ನು ನಿಜವಾಗ್ಲೂ ಡೌನ್ ಆಗೋದು ಹೆಂಗೆ? ಮದುವೆ ಛತ್ರದ ಊಟದ ಹಾಲ್ ನೆನೆಸ್ಕೊಳ್ಳಿ. ಕುರ್ಚಿ ಇಷ್ಟೇ, ಕೂತವ್ರು ಏಳೋವರ್ಗೂ ಹಿಂದೆ ಕುರ್ಚಿ ಹಿಡ್ಕೊಂಡು ನಿಂತಿರ್ತೀವಲ್ಲ. ಅಪಾಚೆ ಅನ್ನೋ ವೆಬ್ ಸರ್ವರ್ ಒಬ್ಬೊಬ್ರಿಗೆ ಒಂದೊಂದು ಪ್ರೋಸೆಸ್ ಕೊಡೋ ಹಳೇ ಪ್ರಿಫೋರ್ಕ್ ಪದ್ಧತೀಲಿ ಓಡ್ತಿದ್ರೆ, ಯಾರೂ ಕೈ ಹಾಕ್ದೆ ಇದ್ರೆ, ಒಂದೇ ಸಲಕ್ಕೆ 256 ಕುರ್ಚಿ. ಅದ್ರ ಹಿಂದೆ ಮಾಹಿತಿ ಎಲ್ಲಾ ಇಟ್ಕೊಂಡಿರೋ ಮೈಎಸ್‌ಕ್ಯೂಎಲ್ ಡೇಟಾಬೇಸು, ಅಲ್ಲಿ 151 ಕನೆಕ್ಷನ್. ಅಂದ್ರೆ ಊಟಕ್ಕೆ 256 ಜನ ಕೂತಿದಾರೆ, ಬಡಿಸೋ ಕೈ 151. ಮಿಕ್ಕೋರಿಗೆ ಟೂ ಮೆನಿ ಕನೆಕ್ಷನ್ಸ್ ಅನ್ನೋ ಎರರ್. ಅಂಥಾ ಟೈಮಲ್ಲಿ ನೀವೇನು ಮಾಡ್ತೀರ? ರಿಫ್ರೆಶ್. ಒಂದ್ಸಲ ಅಲ್ಲ, ಸಿಟ್ಟಲ್ಲಿ ಎಫ್5 ಮೇಲೇ ಬೆರಳಿಟ್ಕೊಂಡು ಕೂತಿರ್ತೀರ, ಜೊತೆಗೆ ಮೊಬೈಲಲ್ಲಿ ಒಂದು, ಫ್ರೆಂಡ್ ಲ್ಯಾಪ್‌ಟಾಪಲ್ಲಿ ಇನ್ನೊಂದು. ನೀವು ಬಿಟ್ಟೋದ್ರಿ ಅಂತ ಸರ್ವರ್‌ಗೆ ತಕ್ಷಣ ಗೊತ್ತಾಗಲ್ಲ, ಹಳೇ ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆ, ಓಡ್ತಾನೇ ಇರುತ್ತೆ. ಎಲೆ ಹಾಕ್ಸಿ, ಎದ್ದೋಗಿ, ಇನ್ನೊಂದು ಕಡೆ ಎಲೆ ಹಾಕ್ಸಿದ ಹಂಗೆ. ಊಟ ಯಾರಿಗೂ ಇಲ್ಲ, ಎಲೆ ಮಾತ್ರ ಎಲ್ಲಾ ಕಡೆ.

ಇದು ನಮ್ಮೂರಿನ ರೋಗ ಅಂದ್ಕೋಬೇಡಿ. 1986ರ ಅಕ್ಟೋಬರಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬಿಂದ ಪಕ್ಕದಲ್ಲೇ ಇರೋ ಬರ್ಕ್ಲಿ ಯೂನಿವರ್ಸಿಟಿಗೆ, ನಡ್ಕೊಂಡೋಗೋ ದೂರ ಅದು, ಸೆಕೆಂಡಿಗೆ 32 ಸಾವಿರ ಬಿಟ್ ಹೋಗ್ತಿದ್ದ ಲೈನು 40 ಬಿಟ್ಟಿಗೆ ಇಳೀತು. ಸಾವಿರ ಅಲ್ಲ, ಬರೀ 40. ಕಾರಣ ಏನು ಅಂದ್ರೆ, ಉತ್ತರ ಬರ್ಲಿಲ್ಲ ಅಂತ ಎಲ್ಲಾ ಕಂಪ್ಯೂಟರೂ ಕಳ್ಸಿದ್ದನ್ನೇ ಮತ್ತೆ ಮತ್ತೆ ಕಳಿಸ್ತಿದ್ವು. ಅಲ್ಲೇ ಇದ್ದ ವ್ಯಾನ್ ಜೇಕಬ್ಸನ್ ಕೂತು ನೋಡಿ 1988ರಲ್ಲಿ ಪೇಪರ್ ಬರೆದ್ರು, ತಡ ಆದ್ರೆ ಸುಮ್ನಿರು, ಇನ್ನೂ ತಡ ಆದ್ರೆ ಇನ್ನೂ ಜಾಸ್ತಿ ಹೊತ್ತು ಸುಮ್ನಿರು, ಆಮೇಲೆ ನಿಧಾನಕ್ಕೆ ಶುರು ಮಾಡು ಅಂತ. ಇವತ್ತು ನಿಮ್ಮ ಜೇಬಲ್ಲಿರೋ ಫೋನೂ ನೆಟ್‌ವರ್ಕ್ ಮಟ್ಟದಲ್ಲಿ ಅದನ್ನ ಪಾಲಿಸುತ್ತೆ. ಪಾಲಿಸ್ದೇ ಇರೋದು ಅದ್ರ ಮುಂದೆ ಕೂತಿರೋ ನಾವು. ಆದ್ರೂ ನಾನು ಸ್ಟೂಡೆಂಟ್ಸ್‌ನ ಬಯ್ಯಲ್ಲ, 11.59 ಆಗ್ತಿದ್ರೆ ಯಾವನಿಗೆ ಸುಮ್ನಿರೋಕಾಗುತ್ತೆ ಹೇಳಿ.

ಮತ್ತೊಂದು ಕಾಟ, ಆನ್‌ಲೈನ್ ಟೆಸ್ಟಲ್ಲಿ ಉತ್ತರ ಟೈಪ್ ಮಾಡ್ತಾ ಕೂತು ಸೇವ್ ಒತ್ತಿದ್ರೆ ಲಾಗಿನ್ ಪೇಜ್ ಬಂದ್ಬಿಡೋದು. ಅದಕ್ಕೂ ಪಿಎಚ್‌ಪೀಲಿ ಒಂದು ನಂಬರ್ ಐತೆ, 1440 ಸೆಕೆಂಡ್, ಅಂದ್ರೆ 24 ನಿಮಿಷ. ನೀವು ಬರೀ ಟೈಪ್ ಮಾಡ್ತಿದ್ರೆ ಸರ್ವರ್‌ಗೆ ಏನೂ ತಲುಪಿರಲ್ಲ, ಇವ್ನು ಎದ್ದೋದ ಅಂದ್ಕೊಂಡು ನಿಮ್ಮ ಸೆಷನ್ನ, ಅಂದ್ರೆ ನೀವು ಲಾಗಿನ್ ಆಗಿದೀರ ಅನ್ನೋ ಗುರುತನ್ನ, ಕಸಕ್ಕೆ ಸೇರಿಸುತ್ತೆ. ಕಸ ಗುಡಿಸೋದು ಯಾವ ಗಳಿಗೇಲಿ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ನಿಂದು ಹೋಗಿರುತ್ತೆ, ಪಕ್ಕದವನದ್ದು ಉಳ್ದಿರುತ್ತೆ, ಲೆಕ್ಚರರ್ ಬಂದು ಅವ್ನಿಗೆ ಆಗಿದ್ದು ನಿಂಗೆ ಯಾಕಾಗಲ್ಲ ಅಂತಾರೆ. ಸದ್ಯಕ್ಕೆ ನೋಟ್‌ಪ್ಯಾಡಲ್ಲಿ ಟೈಪ್ ಮಾಡಿ ಕಾಪಿ ಮಾಡಿ, ಬೇರೆ ದಾರಿ ಇಲ್ಲ.

ಈಗ ಗಮನಿಸಿ, 2 ಎಂಬಿ, 151, 24 ನಿಮಿಷ, ಇವ್ಯಾವೂ ಸ್ಟೂಡೆಂಟ್ಸ್ ಎಷ್ಟು ಜನ ಅಂತ ನೋಡಿ ಇಟ್ಟಿದ್ದಲ್ಲ. ಪೆಟ್ಟಿಗೆಯಿಂದ ತೆಗ್ದಾಗ ಹಂಗೇ ಬಂದಿರುತ್ತೆ. ಲೋಡ್ ಜಾಸ್ತಿ ಆಯ್ತು ಅಂತ ಮಳೆ ಬಂತು ಅನ್ನೋ ಥರ ಹೇಳ್ತಾರಲ್ಲ, ನಂಗೆ ಅದೇ ಒಪ್ಪಿಗೆ ಇಲ್ಲದ ಮಾತು. ಎಷ್ಟು ಜನ ಅಡ್ಮಿಶನ್ ಆಗಿದಾರೆ ಗೊತ್ತು, ಲಾಸ್ಟ್ ಡೇಟ್ ಯಾವತ್ತು ಗೊತ್ತು, ಎರಡೂ ಯೂನಿವರ್ಸಿಟಿಯವ್ರೇ ಇಟ್ಟಿದ್ದು. ಸುಮ್ನೆ ನಂಬರ್ ಏರಿಸಿದ್ರೂ ಸಾಲ್ದು, ರ್‍ಯಾಮ್ ಇಲ್ದೆ ಕನೆಕ್ಷನ್ ಏರಿಸಿದ್ರೆ ಇಡೀ ಮೆಷೀನೇ ಕೂತ್ಬಿಡುತ್ತೆ. ಬಿಡಿಗಾಸು ಖರ್ಚಿಲ್ದೆ ಆಗೋದು ಅಂದ್ರೆ ಗುಬ್ಬಿ, ಶಿರಾ, ಪಾವಗಡ ಕಾಲೇಜುಗಳಿಗೆಲ್ಲಾ ಬೇರೆ ಬೇರೆ ದಿನ ಲಾಸ್ಟ್ ಡೇಟ್ ಕೊಡೋದು. ಅದಕ್ಕೆ ಒಂದು ಸರ್ಕ್ಯುಲರ್ ಸಾಕು.

ಅಲ್ಲೀವರ್ಗೂ ನೀವು ಕಂಪ್ಲೇಂಟ್ ಕೊಡೋವಾಗ ಬರೀ ಓಪನ್ ಆಗ್ತಿಲ್ಲ ಸಾರ್ ಅನ್ಬೇಡಿ. ಸ್ಕ್ರೀನ್‌ಶಾಟಲ್ಲಿ ಟೈಮು, ಅಡ್ರೆಸ್ ಬಾರು, ಎರರ್ ನಂಬರು ಮೂರೂ ಕಾಣ್ಬೇಕು. 413 ಬಂದ್ರೆ ಫೈಲ್ ದೊಡ್ಡದು, ನಿಮ್ಮ ಕೈಲೇ ಇದೆ. 503 ಅಂದ್ರೆ ಸದ್ಯಕ್ಕೆ ಆಗಲ್ಲ ಅಂತ ಅವ್ರೇ ಒಪ್ಕೊಂಡಂಗೆ. 504 ಅಂದ್ರೆ ಮುಂದೆ ನಿಂತಿರೋ ಸರ್ವರ್ ತನ್ನ ಹಿಂದಿರೋ ಸರ್ವರ್ ಉತ್ತರಕ್ಕೆ ಕಾದು ಕಾದು ಕೈಬಿಡ್ತು ಅಂತ. ಇವು ಸರ್ವರ್‌ನ ಲಾಗಲ್ಲೂ, ಅಂದ್ರೆ ಅದು ತಾನೇ ಬರ್ಕೊಳ್ಳೋ ದಾಖಲೇಲೂ, ಟೈಮ್ ಸಮೇತ ಬರ್ದಿರುತ್ತೆ, ಆದ್ದರಿಂದ ಲಾಗ್ ನೋಡಿ ಸಾರ್ ಅಂತ ಬರವಣಿಗೇಲಿ ಕೇಳಿ. ಒಂದು ತೊಂದ್ರೆ ಇದೆ, ಪೇಜ್ ಬರೀ ಸುತ್ತಿ ಸುತ್ತಿ ಕನೆಕ್ಷನ್ನೇ ಸಿಗ್ದೆ ಹೋದ್ರೆ ಲಾಗಲ್ಲಿ ನಿಮ್ಮ ಸುಳಿವೇ ಇರಲ್ಲ, ಆಗ ನಿಮ್ಮ ಸ್ಕ್ರೀನ್‌ಶಾಟೇ ಗತಿ.

ಅಪಾಚೆ ಬೆಂಚ್ ಅಂತ ಒಂದು ಚಿಕ್ಕ ಟೂಲ್ ಇದೆ, ಒಂದೇ ಸಲ ಇನ್ನೂರು ಮುನ್ನೂರು ಜನ ಬಂದ್ರೆ ಸೈಟ್ ಏನಾಗುತ್ತೆ ಅಂತ ತೋರಿಸುತ್ತೆ. ನಿಮ್ಮ ಸ್ವಂತ ಪ್ರಾಜೆಕ್ಟ್ ಮೇಲೆ ಓಡ್ಸಿ. ಯೂನಿವರ್ಸಿಟಿ ಪೋರ್ಟಲ್ ಮೇಲೆ ತಮಾಷೆಗೂ ಬೇಡ, ಐಟಿ ಕಾಯ್ದೆ ಸೆಕ್ಷನ್ 43 ಮತ್ತು 66ರಲ್ಲಿ ಬರುತ್ತೆ ಅದು, ಮೂರು ವರ್ಷದವರ್ಗೂ ಜೈಲಿದೆ. ಮಧ್ಯಾಹ್ನ ಲ್ಯಾಬಲ್ಲಿ ನಾನೇ ಕೂತ್ಕೊಂಡು ತೋರಿಸ್ತೀನಿ, ಲ್ಯಾಪ್‌ಟಾಪ್ ಇಲ್ದೋರು ಪಕ್ಕದವ್ರ ಜೊತೆ ಕೂತ್ಕೊಳ್ಳಿ. ಈಗ ಪ್ರಶ್ನೆ ಕೇಳಿ. ಆ ಕಿಟಕಿ ಪಕ್ಕ ಇರೋವ್ರು ಆಗ್ಲಿಂದ ಕೈ ಎತ್ತಿದೀರ, ಮೊದ್ಲು ನೀವು.