ಗಾಜನೂರು ನವೋದಯಕ್ಕೆ ಮತ್ತೆ ಹೋದೆವು: ನಮ್ಮ 1999ರ ಬ್ಯಾಚ್

ಈಗ ಕಾಣುತ್ತಿರುವುದು ತುಂಗಾ ಡ್ಯಾಮಿನ ನೀರು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಬಂದಿದ್ದೇವೆ. ಈ ಡ್ಯಾಮ್ ಹಿಡಿಯುವುದು 3.24 ಟಿಎಂಸಿ ಅಷ್ಟೇ. ಅದಕ್ಕೇ ಮುಂಗಾರು ಜೋರಾದರೆ ದೊಡ್ಡ ಡ್ಯಾಮುಗಳಿಗಿಂತ ಮೊದಲು ಇದು ತುಂಬುತ್ತದೆ. ಗಾಜನೂರು ಅಂದ ಕೂಡಲೇ ಅಣ್ಣಾವ್ರ ಊರಾ ಅಂತ ಕೇಳುವವರು ಇದ್ದೀರಿ. ಅಲ್ಲ. ಅಣ್ಣಾವ್ರ ಗಾಜನೂರು ತಾಳವಾಡಿ ಹತ್ತಿರ, ತಮಿಳುನಾಡಿನ ಗಡಿಯೊಳಗೆ ಇದೆ. ಇದು ತುಂಗೆ ದಡದ ಗಾಜನೂರು. ನಮ್ಮ ಜವಾಹರ್ ನವೋದಯ ವಿದ್ಯಾಲಯ ಇರುವುದು ಇಲ್ಲಿ. ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ, ಆಯಾ ಜಿಲ್ಲೆಯ ಮಕ್ಕಳಿಗೆ ಅಂತ ಕೇಂದ್ರ ಸರ್ಕಾರ ನಡೆಸುವ ವಸತಿ ಶಾಲೆ ಇದು.

ಗೇಟ್ ಬಂತು. ಒಳಗೆ ಮಕ್ಕಳನ್ನು ತೋರಿಸುವುದಿಲ್ಲ, ನಮ್ಮ ಬ್ಯಾಚಿನವರನ್ನು ಮಾತ್ರ ತೋರಿಸುತ್ತೇನೆ.

ನಾವು ಆರನೇ ಕ್ಲಾಸಿಗೆ ಸೇರಿದ್ದು 1992ರಲ್ಲಿ. ಆಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಮೇಲೆ ಆ ಕಡೆಯ ಮಕ್ಕಳು ಅಲ್ಲಿನ ನವೋದಯಕ್ಕೆ ಹೋಗತೊಡಗಿದರು. ಹಾಗಾಗಿ ನಮ್ಮ ಬ್ಯಾಚಿನಂಥ ಬ್ಯಾಚ್ ಇಲ್ಲಿ ಮತ್ತೆ ಆಗಲ್ಲ. ತೀರ್ಥಹಳ್ಳಿಯವರು ಮಾತಿಗೊಮ್ಮೆ ‘ಮಾರಾಯ’ ಅನ್ನುತ್ತಿದ್ದರು, ಹೊನ್ನಾಳಿಯವರು ‘ಬಾರ್ಲೇ’ ಅಂತ ಕರೆಯುತ್ತಿದ್ದರು. ಮೊದಲ ತಿಂಗಳು ಇದಕ್ಕೇ ಜಗಳ. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಎಲ್ಲರೂ ಎರಡನ್ನೂ ಬೆರೆಸಿ ಮಾತಾಡುತ್ತಿದ್ದೆವು. ಈಗಲೂ ಹಾಗೇ, ಕೇಳಿಸಿಕೊಳ್ಳಿ.

ಇಲ್ಲಿ ನಗುತ್ತಿರುವವನು ಚನ್ನಗಿರಿಯ ಅಡಿಕೆ ಬೆಳೆಗಾರ. ಬಂದು ಐದು ನಿಮಿಷಕ್ಕೆ ಸಾಗರದವನ ಜೊತೆ ರಾಶಿ ಅಡಿಕೆ ರೇಟಿನ ಮಾತು ಶುರು. ಪಕ್ಕದಲ್ಲಿರುವವಳು ಸೊರಬದವಳು, ಈಗ ನರ್ಸ್. ನವೋದಯದಲ್ಲಿ ಮೂರರಲ್ಲಿ ಒಂದು ಸೀಟು ಹುಡುಗಿಯರಿಗೆ. ಅದು ಇಲ್ಲದಿದ್ದರೆ ಅವರ ಅಪ್ಪ ಅವಳನ್ನು ಏಳನೇ ಕ್ಲಾಸಿಗೇ ಬಿಡಿಸುತ್ತಿದ್ದರು. ಇದನ್ನು ಅವಳೇ ಹೇಳಿದಳು, ನಿಮಗೆ ಹೇಳು ಅಂತಲೂ ಹೇಳಿದಳು.

ಇದು ನನ್ನ ಹೌಸ್, ಅಂದರೆ ಹಾಸ್ಟೆಲಿನಲ್ಲಿ ನಾನಿದ್ದ ಗುಂಪು, ಉದಯಗಿರಿ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ: ದೇಶದ ಯಾವ ನವೋದಯಕ್ಕೆ ಹೋದರೂ ಇದೇ ನಾಲ್ಕು ಹೆಸರು. ರೈಲಿನಲ್ಲಿ ಯಾರೋ ನವೋದಯದವರು ಅಂತ ಗೊತ್ತಾದರೆ ನಾವು ಮೊದಲು ಕೇಳುವುದು ಹೌಸ್ ಯಾವುದು ಅಂತಲೇ.

ಈಗ ಊಟದ ವಿಷಯ. ಇದನ್ನು ಹೇಳಲೇಬೇಕು. ನನಗಿನ್ನೂ ಸಿಟ್ಟು ಇಳಿದಿಲ್ಲ.

ಪ್ಲೇಟಿಗೆ 480 ರೂಪಾಯಿ. ಕನಿಷ್ಠ 150 ಪ್ಲೇಟ್ ಹೇಳಲೇಬೇಕಂತೆ. ಮನೆಯವರು, ಮಕ್ಕಳು ಎಲ್ಲ ಸೇರಿ ನಾವು 90 ಜನ. ಅಂದರೆ 60 ಪ್ಲೇಟಿನ ದುಡ್ಡು, 28,800 ರೂಪಾಯಿ, ಸುಮ್ನೆ ಹೋಯಿತು. ಅಷ್ಟು ಕೊಟ್ಟು ತಿಂದಿದ್ದೇನು? ಗೋಬಿ ಮಂಚೂರಿ, ಪನೀರ್, ತಣ್ಣಗಾದ ರೋಟಿ. ಅದನ್ನೂ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ತಿನ್ನಬೇಕು. ಏಳು ವರ್ಷ ಸ್ಟೀಲ್ ತಟ್ಟೆ ಹಿಡಿದು ಸಾಲಲ್ಲಿ ಕೂತು ಉಂಡವರು ನಾವು. ಡಾಕ್ಟರ ಮಗ, ಕೂಲಿಯವರ ಮಗ ಅಂತ ಬೇರೆ ಬೇರೆ ಸಾರು ಇರಲಿಲ್ಲ. ಸೋಪು, ಎಣ್ಣೆ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದೇ, ಎಲ್ಲರಿಗೂ ಒಂದೇ. ಇವತ್ತು ಒಂದು ದಿನ ಅನ್ನ, ಸಾರು, ಪಲ್ಯ, ಮಜ್ಜಿಗೆ ಮಾಡಿಸಿ ಸಾಲಲ್ಲಿ ಕೂತಿದ್ದರೆ ಆಗುತ್ತಿರಲಿಲ್ವಾ? ಉಳಿದ ದುಡ್ಡಲ್ಲಿ ಲೈಬ್ರರಿಗೆ ಪುಸ್ತಕ ಬರುತ್ತಿತ್ತು. ಗ್ರೂಪಿನಲ್ಲಿ ಇದನ್ನೇ ಬರೆದಿದ್ದೆ. ಎಲ್ಲರೂ ಹೆಬ್ಬೆರಳು ಒತ್ತಿದರು, ಆರ್ಡರ್ ಮಾತ್ರ ಗೋಬಿಯದೇ ಹೋಯಿತು.

ಆದರೆ ಈ ಶಾಟ್ ನೋಡಿ. ಕುರ್ಚಿಯಲ್ಲಿ ಕೂತಿರುವವರು ನಮ್ಮ ಮೆಸ್ ಅಣ್ಣ. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು. ನಮ್ಮ ಜೊತೆ ಅವರು ಕೂತು ಉಂಡಿದ್ದನ್ನು ನಾನು ನೋಡಿಯೇ ಇರಲಿಲ್ಲ, ಯಾವಾಗಲೂ ಬಕೆಟ್ ಹಿಡಿದು ಓಡಾಡುತ್ತಿದ್ದರು. ಇವತ್ತು ಹುಡುಗರು ಸರದಿಯಲ್ಲಿ ಬಡಿಸಿದರು. ‘ಸಾಕು ಕಣ್ರೋ, ಇಷ್ಟೊಂದು ಹಾಕ್ಬೇಡಿ’ ಅಂದರೂ ಬಿಡಲಿಲ್ಲ. ಪನೀರ್ ಅವರಿಗೆ ಬಹಳ ಹಿಡಿಸಿತು. ಸರಿ, ಆ ಒಂದು ಪ್ಲೇಟಿಗೆ 480 ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಉಳಿದ 60ಕ್ಕೆ ಇದೆ.

ಬೇಗ ಬೇಗ ಹೇಳುತ್ತೇನೆ, ಈ ಕ್ಲಿಪ್ ಚಿಕ್ಕದು. ಕನ್ನಡಕ ಹಾಕಿರುವವನು ಉತ್ತರ ಪ್ರದೇಶದವನು. ನವೋದಯದಲ್ಲಿ ಒಂಬತ್ತನೇ ಕ್ಲಾಸಿಗೆ ಮೈಗ್ರೇಷನ್ ಇರುತ್ತದೆ. ನೂರಕ್ಕೆ 30 ಮಕ್ಕಳು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಹೋಗಬೇಕು, ಅಲ್ಲಿಯವರು ಇಲ್ಲಿಗೆ ಬರಬೇಕು. ಇವನು ಹಾಗೆ ಬಂದವನು, ನನ್ನ ಪಕ್ಕದ ಮಂಚ. ನಮಗೆ ಅದೇ ವರ್ಷ ಸಮಾಜ ಪಾಠ ಹಿಂದಿಗೆ ತಿರುಗಿತು. ಅವನು ನನಗೆ ಪಾಠ ಬಿಡಿಸಿ ಹೇಳುತ್ತಿದ್ದ, ನಾನು ಅವನಿಗೆ ಮನೆ ನೆನಪಾಗಿ ಅಳು ಬಂದಾಗ ಜೊತೆಗೆ ಕೂರುತ್ತಿದ್ದೆ. ಹದಿನಾಲ್ಕರ ಮಕ್ಕಳನ್ನು ಅಷ್ಟು ದೂರ ಕಳಿಸುವುದು ತಪ್ಪು ಅಂತ ಎಷ್ಟೋ ವರ್ಷ ವಾದ ಮಾಡಿದ್ದೇನೆ. ಇವತ್ತು ಅವನು ಲಖನೌದಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದು, ರಾತ್ರಿ ರೈಲು ಹಿಡಿದು, ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದ. ನನ್ನನ್ನು ನೋಡಿ ಕನ್ನಡದಲ್ಲಿ ‘ತಿಂಡಿ ಆಯ್ತೇನೋ’ ಅಂದ. ನನ್ನ ವಾದ ಅಲ್ಲೇ ಅರ್ಧ ಬಿತ್ತು. ಮಗಳನ್ನು ಕಳಿಸುತ್ತೀಯಾ ಅಂತ ಹೆಂಡತಿ ಕೇಳಿದಳು. ಬಾಯಿಗೆ ಉತ್ತರ ಬರಲಿಲ್ಲ.

ಮನೆಯಲ್ಲಿ ಐದನೇ ಕ್ಲಾಸಿನ ಮಕ್ಕಳಿದ್ದರೆ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಿ. ಅರ್ಜಿಗೆ ದುಡ್ಡಿಲ್ಲ. ಎರಡು ಗಂಟೆ, 80 ಪ್ರಶ್ನೆ, ಕನ್ನಡದಲ್ಲೇ ಬರೆಯಬಹುದು. ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಸೀಟು ಸಿಕ್ಕಿದರೆ ಎಂಟನೇ ಕ್ಲಾಸಿನವರೆಗೆ ಯಾರಿಗೂ ಫೀಸಿಲ್ಲ. ಆಮೇಲೂ ಹುಡುಗಿಯರಿಗೆ, ಎಸ್‌ಸಿ ಎಸ್‌ಟಿ ಮಕ್ಕಳಿಗೆ, ಬಿಪಿಎಲ್ ಮನೆಯವರಿಗೆ ಇಲ್ಲ. ಕೋಚಿಂಗ್‌ಗೆ ಸಾವಿರಗಟ್ಟಲೆ ಸುರಿಯಬೇಡಿ, ಹಳೇ ಪ್ರಶ್ನೆಪತ್ರಿಕೆ ಮಾಡಿಸಿದರೆ ಸಾಕು. ಡೌಟ್ ಇದ್ದರೆ ಕೆಳಗೆ ಬರೆಯಿರಿ. ನಮ್ಮ ಬ್ಯಾಚಿನಲ್ಲಿ ಇಬ್ಬರು ಈಗ ನವೋದಯದಲ್ಲೇ ಟೀಚರ್, ಅವರ ಹತ್ತಿರ ಕೇಳಿ ಉತ್ತರ ಹಾಕುತ್ತೇನೆ.

ಎಲ್ಲರೂ ಸಕ್ರೆಬೈಲಿಗೆ ಹೊರಟರು, ಆನೆ ನೋಡಲು. ಆನೆಗಳು ಕ್ಯಾಂಪಿನಲ್ಲಿ ಸಿಗುವುದು ಬೆಳಿಗ್ಗೆ ಹೊತ್ತು, ಈಗ ಹೋದರೆ ಇರಲ್ಲ ಅಂತ ಕೂಗುತ್ತಿದ್ದೇನೆ. ಯಾರೂ ಕೇಳುತ್ತಿಲ್ಲ, ಗಾಡಿ ಹತ್ತಾಯಿತು. ನಾನೂ ಹತ್ತುತ್ತೇನೆ.