ಹಳದಿ ಮನೆ ಕೆಂಪಾಗುವುದು ಹೇಗೆ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಲ ಕತ್ತೆತ್ತಿ ಈ ಮನೆಯನ್ನು ನೋಡಿ. ಆ ಜಂತೆಗಳು ಹಳೆಯವೇ, ಬದಲಾಯಿಸಿಲ್ಲ. ಗೋಡೆಗೆ ಸಿಮೆಂಟ್ ಮುಟ್ಟಿಸಿಲ್ಲ, ಸುಣ್ಣದ ಗಾರೆಯನ್ನೇ ಹಚ್ಚಿದ್ದಾರೆ. ಗಾರೆ ಅರೆಯಲು ಬರುವವರನ್ನು ಹುಡುಕುವುದಕ್ಕೇ ನಮ್ಮ ಬಳಗಕ್ಕೆ ನಾಲ್ಕು ತಿಂಗಳು ಹಿಡಿಯಿತು. ಇಂಥ ತೊಟ್ಟಿಮನೆಯಲ್ಲಿ ಮೈಕ್ ಬೇಡ, ಕೂತಲ್ಲಿಂದ ಮಾತಾಡಿದರೂ ಕೇಳಿಸುತ್ತೆ ಅಂದೆ. ಆದರೂ ಕೊಟ್ಟಿದ್ದಾರೆ. ಮೈಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂಬೇಡ್ಕರ್ ಜಯಂತಿಗೆ ನೀವೇ ಮಾತಾಡಬೇಕು ಅಂದರು. ಬಾಬಾಸಾಹೇಬರ ವಿಚಾರಗಳ ಬಗ್ಗೆ ಈ ಸಭೆಗೆ ಹೇಳುವಷ್ಟು ಓದು ನನಗಿಲ್ಲ. ನಾನು ಮೂವತ್ತೊಂದು ವರ್ಷ ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆಗೆ ಬಣ್ಣ ಬಳಿದವನು. ಹಳದಿ ಅಂದರೆ ವಸತಿ. ನೀಲಿ ಅಂದರೆ ವ್ಯಾಪಾರ. ನೇರಳೆ ಕೈಗಾರಿಕೆ, ಹಸಿರು ಪಾರ್ಕು. ಕೆಂಪು ಅಂದರೆ ಸಾರ್ವಜನಿಕ ಉಪಯೋಗ, ಶಾಲೆ, ಆಸ್ಪತ್ರೆ, ಗ್ರಂಥಾಲಯ, ಇಂಥವು. ಹಾಗಾಗಿ ನಾನು ಹೇಳಬಹುದಾದದ್ದು ಒಂದು ಮನೆಯ ಕಥೆ. ಲಂಡನ್ನಿನಲ್ಲಿ ಬಾಬಾಸಾಹೇಬರು ಇದ್ದ ಮನೆ. ಅದು ಹಳದಿಯಿಂದ ಕೆಂಪಾಗಲು ಪಟ್ಟ ಪಾಡು.

ಮನೆ ನಂಬರ್ 10, ಕಿಂಗ್ ಹೆನ್ರಿಸ್ ರೋಡ್. ಉತ್ತರ ಲಂಡನ್ನಿನ ಕ್ಯಾಮ್ಡೆನ್ ಕೌನ್ಸಿಲ್ಲಿಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಸೇರಿದ್ದು. ಮಗಳು ಆ ಊರಿನಲ್ಲಿದ್ದಾಗ ಹೋಗಿ ನೋಡಿ ಬಂದಿದ್ದೇನೆ. ಚಾಕ್ ಫಾರ್ಮ್ ಸ್ಟೇಷನ್ನಿನಲ್ಲಿ ಇಳಿದರೆ ನನ್ನಂಥ ಮಂಡಿನೋವಿನವನೂ ನಡೆದು ಹೋಗಬಹುದು. ನಾಲ್ಕು ಅಂತಸ್ತಿನ ಮನೆ. ಹಾಗಂತ ದೊಡ್ಡ ಬಂಗಲೆ ಅಂದುಕೊಳ್ಳಬೇಡಿ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಪಕ್ಕದವರದೂ ಇವರದೂ ಒಂದೇ ಗೋಡೆ. ಇದನ್ನು ನೆನಪಿಟ್ಟುಕೊಳ್ಳಿ, ಕಥೆಗೆ ಬೇಕಾಗುತ್ತೆ.

1921-22ರಲ್ಲಿ ಅವರು ಅಲ್ಲಿದ್ದರು. ಅದಕ್ಕೂ ಮೊದಲು, 1916ರಲ್ಲಿ, ಒಂದು ಸಲ ಲಂಡನ್ನಿಗೆ ಓದಲು ಹೋಗಿದ್ದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು ಅರ್ಧಕ್ಕೇ ವಾಪಸ್ ಬರಬೇಕಾಯಿತು. 1920ರಲ್ಲಿ ಒಂದಿಷ್ಟು ಉಳಿತಾಯ, ಒಂದಿಷ್ಟು ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ ಸೇರಿಸಿಕೊಂಡು ಮತ್ತೆ ಹೋದರು. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದ ಬಾಗಿಲು ತೆರೆಯುವಾಗ ಒಳಗೆ ಹೋದರೆ ಮುಚ್ಚುವಾಗಲೇ ಹೊರಗೆ. ರಾತ್ರಿ ಹಸಿವಾದರೆ ಹಪ್ಪಳ. ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದರು, ಜೊತೆಗೆ ಬ್ಯಾರಿಸ್ಟರ್ ಓದು. ಇದೆಲ್ಲ ನಿಮಗೆ ಗೊತ್ತಿರುವುದೇ.

ಈ ಮನೆ ಮಾರಾಟಕ್ಕಿದೆ ಅಂತ ಗೊತ್ತಾದಾಗ ಅಲ್ಲಿನ ಅಂಬೇಡ್ಕರ್‌ವಾದಿ ಮತ್ತು ಬೌದ್ಧ ಸಂಘಟನೆಗಳ ಒಕ್ಕೂಟದವರು ಬೆನ್ನು ಹತ್ತಿದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡಿತು. ಬೆಲೆ ಸುಮಾರು 31 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ 30 ಕೋಟಿಗೂ ಜಾಸ್ತಿ. ದುರಸ್ತಿ ಮಾಡಿಸಿ, ಕೋಣೆಗಳನ್ನು ಸಜ್ಜುಗೊಳಿಸಿದರು. ಆ ವರ್ಷ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು.

ಅದೇ ದಿನ, ಅದೇ ಊರಿನಲ್ಲಿ ಇನ್ನೊಂದು ಉದ್ಘಾಟನೆಯೂ ನಡೆಯಿತು. ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಥೇಮ್ಸ್ ದಂಡೆಯ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ. ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರ ಶ್ರಮ ಅದು. ಬಸವಣ್ಣನವರನ್ನು ನಿಲ್ಲಿಸುವ ಮೊದಲೇ ಅಲ್ಲಿನ ಕೌನ್ಸಿಲ್ಲಿನ ಅನುಮತಿ ಕೈಯಲ್ಲಿತ್ತು. ಬಾಬಾಸಾಹೇಬರ ಮನೆಗೆ ಇರಲಿಲ್ಲ. ಇಬ್ಬರೂ ದೊಡ್ಡವರೇ. ಒಬ್ಬರ ಹತ್ತಿರ ಕಾಗದ ಇತ್ತು, ಇನ್ನೊಬ್ಬರ ಹತ್ತಿರ ಇರಲಿಲ್ಲ, ಅಷ್ಟೇ. ನನ್ನಂಥ ನಕ್ಷೆಯವನಿಗೆ ಆ ದಿನದ ಸುದ್ದಿಯಲ್ಲಿ ಕಾಣುವುದೇ ಇದು. ಸಂಭ್ರಮದಲ್ಲಿ ಹುಳಿ ಹಿಂಡುವ ಕೆಲಸ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಬ್ರಿಟನ್ನಿನಲ್ಲಿ ನಮ್ಮ ಹಾಗೆ ಇಡೀ ಬೀದಿಗೆ ಬಣ್ಣ ಬಳಿಯುವುದಿಲ್ಲ. ಅಲ್ಲಿ ಕಟ್ಟಡಕ್ಕೊಂದು ಉಪಯೋಗದ ದರ್ಜೆ. ವಾಸದ ಮನೆ ಸಿ3. ಮ್ಯೂಸಿಯಂ ಆಗ ಡಿ1. ಸಿ3ಯಿಂದ ಡಿ1ಕ್ಕೆ ಹೋಗಬೇಕಾದರೆ, ಇಟ್ಟಿಗೆ ಒಂದನ್ನೂ ಅಲುಗಿಸದಿದ್ದರೂ ಅನುಮತಿ ಬೇಕು. ಗೋಡೆ ಅದೇ, ಬಾಗಿಲು ಅದೇ, ಮೆಟ್ಟಿಲು ಅದೇ. ಆದರೆ ಕಾನೂನಿನ ಕಣ್ಣಿಗೆ ಅದು ಬೇರೆ ವಸ್ತು. ನಮ್ಮಲ್ಲೂ ಅಷ್ಟೇ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಇರುವುದೇ ಇದಕ್ಕೆ. ಭೂ ಉಪಯೋಗ ಬದಲಾವಣೆ. ಅರ್ಜಿ ಹಾಕಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆ ಕೇಳಬೇಕು.

ಆಕ್ಷೇಪಣೆ ಅಂದೆ ಅಲ್ವಾ, ಈಗ ಅಜ್ಜಿಯ ಕಥೆ ಹೇಳಲೇಬೇಕು. ಕಚೇರಿಯಲ್ಲಿ ನನ್ನ ಜೊತೆಗಿದ್ದವರು ಯಾರಾದರೂ ಇಲ್ಲಿದ್ದರೆ ಕ್ಷಮಿಸಿ, ನೂರು ಸಲ ಕೇಳಿದ್ದೀರಿ.

ಒಂದು ಊರಿನಲ್ಲಿ ಒಬ್ಬ ಹಿರಿಯ ಕವಿಗಳ ಮನೆ. ಅವರು ತೀರಿಕೊಂಡ ಮೇಲೆ ಅಭಿಮಾನಿಗಳು ಸೇರಿ ರಿಪೇರಿ ಮಾಡಿಸಿ, ಕವಿಗೋಷ್ಠಿ, ಪುಸ್ತಕ ಬಿಡುಗಡೆ ಅಂತ ಶುರು ಮಾಡಿದ್ದರು. ಮನೆ ಇದ್ದದ್ದು ಪಕ್ಕಾ ಹಳದಿಯಲ್ಲಿ. ಆಮೇಲೆ ಯಾರೋ ಹೇಳಿದರು ಅಂತ ಉಪಯೋಗ ಬದಲಾವಣೆಗೆ ಅರ್ಜಿ ಹಾಕಿದರು. ಪ್ರಕಟಣೆಗೆ ಬಂದದ್ದು ಒಂದೇ ಆಕ್ಷೇಪಣೆ. ಪಕ್ಕದ ಮನೆಯ ಅಜ್ಜಿಯದು. ಎರಡು ಪುಟ, ಮುತ್ತಿನಂಥ ಅಕ್ಷರ. ಆ ಕೈಬರಹಕ್ಕೇ ಮಂಜೂರು ಮಾಡಿಬಿಡೋಣ ಅನ್ನಿಸುವ ಹಾಗಿತ್ತು.

ವಿಚಾರಣೆಯ ದಿನ ಬಂತು. ಅಭಿಮಾನಿ ಬಳಗದ ಅಧ್ಯಕ್ಷರು ಎದ್ದು ನಿಂತು ಇಪ್ಪತ್ತು ನಿಮಿಷ ಕವಿಗಳ ಹಿರಿಮೆ ಹೇಳಿದರು. ನಾಡು, ನುಡಿ, ನವೋದಯ, ನವ್ಯ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, ಇಂಥ ಮಹಾನುಭಾವರ ಸ್ಮಾರಕಕ್ಕೆ ಅಡ್ಡಗಾಲು ಹಾಕುವವರು ಕನ್ನಡ ದ್ರೋಹಿಗಳು ಅಂದರು. ಅಜ್ಜಿ ಅಲುಗಾಡಲಿಲ್ಲ. ಎಲ್ಲ ಮುಗಿದ ಮೇಲೆ ನಿಧಾನಕ್ಕೆ ಎದ್ದರು.

"ಅವರು ದೊಡ್ಡವರು ಅಂತ ನನಗೂ ಗೊತ್ತು ಕಣಪ್ಪ. ನಲವತ್ತು ವರ್ಷ ಪಕ್ಕದಲ್ಲಿದ್ದೋಳು ನಾನು. ನೀನು ಅವರ ಪದ್ಯ ಓದಿರಬಹುದು, ನಾನು ಅವರಿಗೆ ಕಾಫಿಪುಡಿ ಸಾಲ ಕೊಟ್ಟಿದ್ದೀನಿ. ಒಂದು ಬಟ್ಟಲು ಇನ್ನೂ ವಾಪಸ್ ಬಂದಿಲ್ಲ. ನನಗೆ ಪದ್ಯದ ಮೇಲೆ ಸಿಟ್ಟಿಲ್ಲ, ಸ್ಕೂಟರ್ ಮೇಲೆ ಸಿಟ್ಟು. ನಮ್ಮ ಯಜಮಾನರಿಗೆ ಎದೆ ಆಪರೇಷನ್ ಆಗಿದೆ. ನಿಮ್ಮ ಗೋಷ್ಠಿ ದಿನ ನನ್ನ ಗೇಟಿನ ಮುಂದೆ ಹದಿನೈದು ಸ್ಕೂಟರ್ ನಿಂತಿರುತ್ತೆ. ಆ ಹೊತ್ತಲ್ಲಿ ಅವರಿಗೆ ಏನಾದರೂ ಆದರೆ ಆಟೋ ಒಳಗೆ ಬರೋದು ಹೇಗೆ, ಅದನ್ನ ಹೇಳು."

ಅಧ್ಯಕ್ಷರ ಬಾಯಿ ಕಟ್ಟಿತು. ನಮ್ಮ ಸಾಹೇಬರು ಜಾಣರು. ಆಕ್ಷೇಪಣೆಯ ಹಾಳೆಯ ಪಕ್ಕದಲ್ಲೇ ಬರೆದರು: ವಾಹನಗಳು ಮೂಲೆಯ ಖಾಲಿ ಸೈಟಿನಲ್ಲಿ ನಿಲ್ಲಬೇಕು, ರಾತ್ರಿ ಎಂಟಕ್ಕೆ ಕಾರ್ಯಕ್ರಮ ಮುಗಿಯಬೇಕು, ಹೊರಗೆ ಧ್ವನಿವರ್ಧಕ ಇಲ್ಲ. ಅಜ್ಜಿ ಆಕ್ಷೇಪಣೆ ವಾಪಸ್ ತಗೊಂಡರು. ಕಾಫಿಪುಡಿಯ ವಿಷಯ ಮಾತ್ರ ಕೊನೆವರೆಗೂ ಬಿಡಲಿಲ್ಲ.

ಸ್ನೇಹಿತರೇ, ಸ್ಕೂಟರಿನ ಪ್ರಶ್ನೆಗೆ ಹಿರಿಮೆಯ ಉತ್ತರ ಕೊಡುವುದು ನಮಗೆಲ್ಲ ಇರುವ ಚಾಳಿ. ನಾನಿವತ್ತು ಹೇಳಬೇಕು ಅಂತ ಬಂದದ್ದೇ ಇದನ್ನು. ಲಂಡನ್ನಿನಲ್ಲೂ ಆದದ್ದು ಇದೇ ಅಂತ ಪೂರ್ತಿ ಹೇಳಲಾರೆ, ಆದರೆ ಹತ್ತಿರ ಹತ್ತಿರ ಇದೇ.

ಅಲ್ಲಿ ಮನೆ ತೆರೆದು, ಜನ ಬರತೊಡಗಿದ ಮೇಲೆ ಅಕ್ಕಪಕ್ಕದ ಕೆಲವರಿಂದ ದೂರು ಹೋಯಿತು. ಬಸ್ಸುಗಟ್ಟಲೆ ಜನ ಬರುತ್ತಾರೆ, ಗದ್ದಲ, ಬೀದಿಯಲ್ಲಿ ಫೋಟೋ. ಗೋಡೆ ಒಂದೇ ಅಂದೆ, ನೆನಪಿದೆಯಾ? ಅನುಮತಿ ಪಡೆದಿಲ್ಲ ಅನ್ನುವುದು ಹೊರಗೆ ಬಂತು. 2018ರಲ್ಲಿ, ಮನೆ ತೆರೆದ ಮೇಲೆ, ಅನುಮತಿಗೆ ಅರ್ಜಿ ಹೋಯಿತು. ಊಟ ಮುಗಿಸಿ ಎಲೆ ಎತ್ತಿದ ಮೇಲೆ ಕೂರಲು ಅಪ್ಪಣೆ ಕೇಳಿದ ಹಾಗೆ. ಅಲ್ಲಿನ ಕಾನೂನಿನಲ್ಲಿ ಹಾಗೆ ಕೇಳಲು ಅವಕಾಶ ಇದೆ. ಕೌನ್ಸಿಲ್ ಆ ವರ್ಷ ಅಕ್ಟೋಬರಿನಲ್ಲಿ ತಿರಸ್ಕರಿಸಿತು.

ಕಾರಣ ಗದ್ದಲ ಅಲ್ಲ. ವಾಸದ ಜಾಗ ಕಡಿಮೆಯಾಗುತ್ತೆ ಅನ್ನುವುದು. ಲಂಡನ್ನಿನಲ್ಲಿ ಮನೆಗಳಿಗೆ ಬರ. ಇರುವ ಮನೆ ಒಂದನ್ನೂ ಬೇರೆ ಉಪಯೋಗಕ್ಕೆ ಬಿಟ್ಟುಕೊಡಬಾರದು ಅನ್ನುವುದು ಕ್ಯಾಮ್ಡೆನ್ನಿನ ನೀತಿ. ಆಗ ನಮ್ಮಲ್ಲಿ ಬಹಳ ಜನ ಸಿಟ್ಟಾದರು. ಬ್ರಿಟಿಷರ ಹಳೆ ಬುದ್ಧಿ ಅಂದರು. ನಾನು ಹಾಗೆ ಅನ್ನಲಾರೆ.

ಯಾಕೆ ಹೇಳ್ತೀನಿ. 1917ರಲ್ಲಿ ಬಾಬಾಸಾಹೇಬರು ಕೆಲಸಕ್ಕೆಂದು ಬರೋಡಾಕ್ಕೆ ಹೋದರಲ್ಲ, ಇರಲು ಯಾರೂ ಮನೆ ಕೊಡಲಿಲ್ಲ. ಹೆಸರು ಮರೆಮಾಚಿ ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಣ್ಣೀರು ಹಾಕಿದರು. ಇರಲು ಒಂದು ಸೂರು ಇಲ್ಲದ ಸಂಕಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ, ಇದು ಯಾರೋ ವಾಸ ಮಾಡಬಹುದಾದ ಮನೆ ಅಂತ ಒಬ್ಬ ಅಧಿಕಾರಿ ಕಡತದಲ್ಲಿ ಬರೆದರೆ, ಅಂಬೇಡ್ಕರ್ ಹೆಸರಲ್ಲಿ ಅದನ್ನು ಲೇವಡಿ ಮಾಡಬಾರದು. ಅದಕ್ಕೆ ಉತ್ತರ ಕೊಡಬೇಕು.

ಉತ್ತರ ಇತ್ತು. ಆ ಕ್ಯಾಮ್ಡೆನ್ನಿನಲ್ಲೇ ಕವಿ ಕೀಟ್ಸ್ ಇದ್ದ ಮನೆ 1925ರಿಂದ ಮ್ಯೂಸಿಯಂ. ಡಿಕನ್ಸ್ ಇದ್ದ ಡೌಟಿ ಸ್ಟ್ರೀಟಿನ ಮನೆಯೂ ಅದೇ ವರ್ಷದಿಂದ. ಮನಶ್ಶಾಸ್ತ್ರದ ಫ್ರಾಯ್ಡ್, ನಾಜಿಗಳಿಂದ ತಪ್ಪಿಸಿಕೊಂಡು ಬಂದು ಕಡೆಯ ದಿನ ಕಳೆದ ಮನೆ 1986ರಿಂದ. ಎಲ್ಲವೂ ಒಂದು ಕಾಲಕ್ಕೆ ವಾಸದ ಮನೆಗಳೇ. ಅವು ಮ್ಯೂಸಿಯಂ ಆದದ್ದರಿಂದ ಊರಿಗೆ ಒಂದು ಮನೆ ಕಡಿಮೆಯಾಯಿತು ನಿಜ. ಆದರೆ ಇನ್ನೇನೋ ಸೇರಿತಲ್ಲ? ಆ 'ಇನ್ನೇನೋ' ಎಷ್ಟು ತೂಗುತ್ತೆ ಅನ್ನುವುದೇ ಪ್ರಶ್ನೆ. ಇದು ತಕ್ಕಡಿಯ ಕೆಲಸ. ಅಲ್ಲಿ ಘೋಷಣೆ ನಡೆಯುವುದಿಲ್ಲ.

ಮಹಾರಾಷ್ಟ್ರ ಸರ್ಕಾರ ಮೇಲ್ಮನವಿ ಹಾಕಿತು. 2019ರ ಸೆಪ್ಟೆಂಬರಿನಲ್ಲಿ ಬಹಿರಂಗ ವಿಚಾರಣೆ. ಎರಡೂ ಕಡೆಯವರು ತಮ್ಮ ಮಾತು ಹೇಳಿದರು. 2020ರ ಮಾರ್ಚಿನಲ್ಲಿ ವಸತಿ ಮಂತ್ರಿ ರಾಬರ್ಟ್ ಜೆನ್ರಿಕ್ ಅನುಮತಿ ಕೊಟ್ಟರು. ಒಂದು ಮನೆ ಕಡಿಮೆಯಾಗುವ ನಷ್ಟ ಇದೆ, ಆದರೆ ಸಾರ್ವಜನಿಕರಿಗೆ ಆಗುವ ಲಾಭ ಅದಕ್ಕಿಂತ ಹೆಚ್ಚು ತೂಗುತ್ತದೆ ಅನ್ನುವುದು ತೀರ್ಮಾನ. ಪೌಂಡುಗಟ್ಟಲೆ ದುಡ್ಡು, ಪ್ರಧಾನಿಗಳ ಉದ್ಘಾಟನೆ, ಇದೆಲ್ಲ ಆಗಿ ನಾಲ್ಕೂಕಾಲು ವರ್ಷದ ಮೇಲೆ ಆ ಮನೆಗೆ ಕಾಗದ ಸಿಕ್ಕಿತು. ಅಷ್ಟೂ ದಿನ ಅಲ್ಲಿಗೆ ಹೋದವರೆಲ್ಲ ಕಾನೂನಿನ ಲೆಕ್ಕದಲ್ಲಿ ಒಂದು ವಾಸದ ಮನೆಗೆ ನೆಂಟರಾಗಿ ಹೋಗಿದ್ದರು ಅನ್ನಬೇಕು!

ಇದನ್ನು ತಮಾಷೆಗೆ ಹೇಳಿದರೂ, ಹೋಗುವವರಿಗೆ ಅದು ತಮಾಷೆಯಲ್ಲ. ನಾನು ಹೋದ ದಿನ ಹೊರಗಿನ ಮೆಟ್ಟಿಲ ಹತ್ತಿರ ಒಬ್ಬ ಹುಡುಗ ಚಪ್ಪಲಿ ಬಿಡುತ್ತಿದ್ದ. ಆ ಚಳಿಯಲ್ಲಿ! ಬಿಡಬೇಕಾಗಿಲ್ಲ ಕಣಪ್ಪ ಅಂದೆ. ಗೊತ್ತು ಅಂದ, ಆದರೂ ಬಿಟ್ಟ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚೀಟಿಯಲ್ಲಿ ಇನ್ನೂ ಮೂರು ವಿಷಯ ಬರೆದುಕೊಂಡಿದ್ದೆ. ಬೇಗ ಬೇಗ ಹೇಳಿ ಬಿಡುತ್ತೇನೆ.

ಒಂದು, ದೆಹಲಿಯ 26, ಅಲಿಪುರ ರಸ್ತೆ. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ಕಣ್ಣು ಮುಚ್ಚಿದ ವಿಳಾಸ. ಈಗ ಅಲ್ಲಿರುವುದು ತೆರೆದ ಸಂವಿಧಾನದ ಪುಸ್ತಕದ ಆಕಾರದ ದೊಡ್ಡ ಸ್ಮಾರಕ. ಚೆನ್ನಾಗಿದೆ. ಆದರೆ ಅವರು ಓಡಾಡಿದ ಮನೆಯಲ್ಲ. ಲಂಡನ್ನಿನ ಮನೆ ಸಣ್ಣದು, ಆದರೂ ಅದೇ ಮನೆ. ನನಗೆ ಸಣ್ಣದೇ ಮೇಲು.

ಎರಡು, ನಮ್ಮ ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ. 2011ರಲ್ಲಿ ಕೆಡವಲು ಶುರು ಮಾಡಿದ್ದರು. ಪತ್ರಿಕೆಗಳಲ್ಲಿ ಬಂದು, ಗಲಾಟೆಯಾಗಿ ನಿಂತಿತು. ಎಂಟು ಕಿಟಕಿಯ ಆ ಬರೆಯುವ ಕೋಣೆ ಉಳಿಯಿತು. 2016ರಲ್ಲಿ ಜನರಿಗೆ ತೆರೆಯಿತು. ಇದರ ಬಗ್ಗೆ ಹೇಳಲು ಬಹಳ ಇದೆ, ಇನ್ನೊಂದು ದಿನ ಕರೆಯಿರಿ.

ಮೂರನೆಯದು... ಇರಿ, ಏನೋ ಚೀಟಿ ಬಂತು. ಸಮಯ ಆಯಿತು ಅಂತ ಇರಬೇಕು. ಅಲ್ಲ. "ಪಕ್ಕದ ಮನೆಯ ಗೇಟಿಗೆ ಅಡ್ಡವಾಗಿ ಬಿಳಿ ಆಕ್ಟಿವಾ ನಿಂತಿದೆ, ದಯವಿಟ್ಟು ತೆಗೆಯಿರಿ." ನೋಡಿದಿರಾ! ನಾನು ಹೇಳಿ ಬರೆಸಿದ್ದಲ್ಲ, ಆಣೆ. ಯಾರದ್ದಪ್ಪಾ? ಹೋಗಿ, ಹೋಗಿ, ನೀವು ಬರುವವರೆಗೆ ಮಾತು ನಿಲ್ಲಿಸಿರುತ್ತೇನೆ.

ಸರಿ. ಮೂರನೆಯದು ಈ ಮನೆಯದೇ. ಹೊರಗೆ ಚೆಂದದ ಬೋರ್ಡು ಹಾಕಿದ್ದೀರಿ, ಸಾಂಸ್ಕೃತಿಕ ಕೇಂದ್ರ ಅಂತ. ಬರುತ್ತಲೇ ಕಾರ್ಯದರ್ಶಿಗಳನ್ನು ಕೇಳಿದೆ, ಅರ್ಜಿ ಹಾಕಿದ್ದೀರಾ ಅಂತ. ಹಾಕಬೇಕು ಸಾರ್ ಅಂದರು. ಈ ಬೀದಿ ಮಾಸ್ಟರ್ ಪ್ಲಾನಿನಲ್ಲಿ ಪೂರ್ತಿ ಹಳದಿ. ನನಗೆ ಚೆನ್ನಾಗಿ ಗೊತ್ತು, ಬಳಿದದ್ದು ನಾನೇ.

ಅರ್ಜಿಗೆ ಬೇಕಾದ ನಕ್ಷೆ ನಾನು ಬರೆದು ಕೊಡುತ್ತೇನೆ. ಕಣ್ಣಿಗೆ ಪೊರೆ ಬಂದಿದೆ, ಗೆರೆ ಸ್ವಲ್ಪ ಸೊಟ್ಟ ಆದರೆ ಹೊಂದಿಕೊಳ್ಳಿ. ಆದರೆ ಅರ್ಜಿಗೆ ಮೊದಲು ಅಧ್ಯಕ್ಷರೂ ನಾನೂ ನಾಳೆ ಬೆಳಿಗ್ಗೆ ಹತ್ತಕ್ಕೆ ಪಕ್ಕದ ಮನೆಗೆ ಹೋಗಿ ಬರೋಣ. ಹಿರಿಮೆಯ ಭಾಷಣ ಬೇಡ ಅಧ್ಯಕ್ಷರೇ, ಅವರು ಹೇಳುವುದನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ತನ್ನಿ. ಮತ್ತೆ ಈ ಮೈಕನ್ನು ಈಗ ಯಾರಾದರೂ ಆಫ್ ಮಾಡಿ.